ಪೆಟ್ರೋಲು ಸುರಿದವರು ಯಾರು

ನವೆಂಬರಿನ ಎರಡನೆಯ ಶನಿವಾರ ಬೆಳಿಗ್ಗೆ ಯೋಗಾನಂದ ಶೂ ಹಾಕಿಕೊಳ್ಳುತ್ತಿದ್ದಾಗ ಗಿಲ್‌ರಾಯ್‌ನಿಂದ ಅಜ್ರಾಳ ಫೋನು ಬಂತು.

“ಅಣ್ಣಾರ, ಇವತ್ತ ಟ್ರಕ್ ಯುಸ್ರಾ ಓಡಿಸ್ಕೊಂಡ ಬರ್ತಾಳ್ರಿ. ಇವರಿಗೆ ಕಣ್ಣ ಸ್ವಲ್ಪ ಮಂಜಾಗ್ಯಾವ,” ಅಂದಳು.

“ಆಗಲಿ, ಅದಕ್ಕೇನಂತೆ.”

“ಮತ್ತ ಬೋಟಿನಾಗ ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ.”

“ಹದಿನಾಲ್ಕು ವರ್ಷದಿಂದ ಇಬ್ಬರೂ ಹೋಗ್ತಿದೀವಲ್ಲ ಅಜ್ರಾ, ಇವತ್ತೇನು ಹೊಸದು?”

“ಏನಿಲ್ರಿ. ಸುಮ್ನ ಹೇಳ್ದೆ.”

ಜಲೀಲ್ ಅಜ್ರಾಳ ಗಂಡ, ಯುಸ್ರಾ ಅವರ ಮಗಳು. ಯೋಗಾನಂದನಿಗೆ ಜಲೀಲನ ಪರಿಚಯವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಮಾಂಟೆರೆಗೆ ಹೋಗಿ ಬರುವಾಗ ಯೋಗಾನಂದನ ಕಾರಿನ ರೇಡಿಯೇಟರ್ ಒಡೆದು, ಗಿಲ್‌ರಾಯ್‌ನ ಒಂದು ಗರಾಜಿಗೆ ಎಳೆಸಿಕೊಂಡು ಹೋಗಬೇಕಾಗಿತ್ತು. ಯೋಗಾನಂದನೂ ಹೆಂಡತಿ ಮೈಥಿಲಿಯೂ ಅಲ್ಲೇ ನಿಂತು ಕನ್ನಡದಲ್ಲಿ ಜಗಳವಾಡಿದರು. ಅಷ್ಟನ್ನೂ ಕೇಳಿಸಿಕೊಂಡ ಮೆಕ್ಯಾನಿಕ್ಕು ಬಾನೆಟ್ಟಿನಿಂದ ತಲೆ ಎತ್ತದೆಯೇ, “ಅಕ್ಕಾರ ಹೇಳೂದು ಖರೇ ಐತ್ರಿ. ನೀರ ನೋಡಬೇಕಿತ್ತು ನೀವು,” ಅಂದಿದ್ದ. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಕೆಲಸ ಕಲಿತವನು. ಗರಾಜು ಅವನದೇ. ಮೈಥಿಲಿ ನಗು ತಡೆಯಲಾರದೆ ಹೊರಗೆ ಹೋಗಿ ನಿಂತಿದ್ದಳು.

ಆಮೇಲೆ ಎಂಟು ವರ್ಷಕ್ಕೆ ಇಬ್ಬರೂ ಸೇರಿ ಒಂದು ಹಳೆಯ ಬೋಟು ಕೊಂಡರು. ಇಪ್ಪತ್ತೆರಡು ಅಡಿ ಉದ್ದ, ಹಿಂಭಾಗದಲ್ಲಿ ಪೆಟ್ಟಿಗೆಯೊಳಗೆ ಎಂಜಿನ್ನು, ಬಿಸಿಲಿಗೆ ಒಣ ತೊಗಲಿನಂತೆ ಬಿರಿದ ಸೀಟುಗಳು. ಮಾರಿದವನು ಅದಕ್ಕೆ ಹೆಂಡತಿಯ ಹೆಸರಿಟ್ಟಿದ್ದ: ಲಿಂಡಾ ಮೇ. ಹೆಸರು ಬದಲಿಸಬೇಕು ಎಂದು ಇಬ್ಬರೂ ಅಂದುಕೊಂಡರು, ಬದಲಿಸಲಿಲ್ಲ. ಮಾರ್ಚಿನಿಂದ ನವೆಂಬರಿನವರೆಗೆ ಬೋಟು ರೆಡ್‌ವುಡ್ ಸಿಟಿಯ ಕಡೆ ಒಂದು ಮರೀನಾದಲ್ಲಿ, ಬಾಡಿಗೆಗೆ ಬೋಟು ಕಟ್ಟುವ ಕಟ್ಟೆಯಲ್ಲಿ, ನೀರಿನ ಮೇಲಿರುತ್ತಿತ್ತು. ಶನಿವಾರ ಬೆಳಗಾದರೆ ಇಬ್ಬರೂ ಕೊಲ್ಲಿಗೆ ಹೋಗಿ ಗಾಳ ಹಾಕಿ ಕೂರುತ್ತಿದ್ದರು. ಯೋಗಾನಂದ ಮೀನು ತಿನ್ನುವವನಲ್ಲ. ಸಿಕ್ಕಿದ್ದೆಲ್ಲ ಅಜ್ರಾಳ ಅಡುಗೆಮನೆಗೆ ಹೋಗುತ್ತಿತ್ತು. ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದು ನಿವೃತ್ತನಾದ ಮೇಲೆ ಅವನಿಗೆ ವಾರದಲ್ಲಿ ಕಾಯುವಂಥ ದಿನ ಅದೊಂದೇ ಆಗಿತ್ತು.

ಚಳಿಗಾಲದ ಮಳೆ ಶುರುವಾಗುವ ಮುಂಚೆ ಬೋಟನ್ನು ಟ್ರೈಲರಿಗೆ ಏರಿಸಿ ಗಿಲ್‌ರಾಯ್‌ಗೆ ಒಯ್ದು, ಜಲೀಲನ ಗರಾಜಿನ ಹಿಂದೆ ನೀಲಿ ಟಾರ್ಪಾಲು ಹೊದಿಸಿ ನಿಲ್ಲಿಸುತ್ತಿದ್ದರು. ಅದಕ್ಕೂ ಮೊದಲು ಟ್ಯಾಂಕಿನ ಕೆಲಸ. ಮೊದಲ ವರ್ಷ ಯೋಗಾನಂದ, ನಾಲ್ಕು ತಿಂಗಳು ಓಡಿಸದ ಬೋಟಿಗೆ ಪೆಟ್ರೋಲು ಯಾಕೆ ತುಂಬಬೇಕು ಎಂದು ಕೇಳಿದ್ದ.

“ಅರ್ಧ ಟ್ಯಾಂಕ್ ಖಾಲಿ ಬಿಟ್ರ ಆ ಜಾಗದಾಗ ಗಾಳಿ ಇರತೈತಿ. ತಂಪಿಗೆ ಅದು ಬೆವರತೈತಿ. ಆ ನೀರೆಲ್ಲಾ ಪೆಟ್ರೋಲಿಗೆ ಇಳೀತೈತಿ,” ಎಂದು ಜಲೀಲ್ ವಿವರಿಸಿದ್ದ. “ಇಲ್ಲಿ ಪೆಟ್ರೋಲಿನಾಗ ಸ್ಪಿರಿಟ್ ಬ್ಯಾರೆ ಬೆರೆಸಿರ್ತಾರ. ಅದು ನೀರ ಕುಡೀತೈತಿ. ತುಂಬ ತುಂಬಿಸಬೇಕು, ಉಬ್ಬಾಕ ನಾಕ ಬೆರಳ ಜಾಗ ಬಿಡಬೇಕು, ಔಷಧ ಹಾಕಬೇಕು, ಹತ್ತ ನಿಮಿಷ ಎಂಜಿನ್ ಓಡಿಸಬೇಕು. ಔಷಧ ಎಲ್ಲಾ ನಳಿಗೂ ಮುಟ್ಟಬೇಕಲ್ಲ.”

ಪೆಟ್ರೋಲು ಕೆಡದಿರಲೆಂದು ಬೆರೆಸುವ ಕೆಂಪು ದ್ರವಕ್ಕೆ ಅವನು ಔಷಧ ಎಂದೇ ಅನ್ನುತ್ತಿದ್ದ. ಬಾಟಲಿಯನ್ನು ಅಳೆದು ನೋಡಿದವನಲ್ಲ. ಕಣ್ಣಂದಾಜಿನಲ್ಲಿ ಸುರಿದರೆ ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು.

ಆ ಶನಿವಾರ ಮೋಡ ಕೆಳಗೆ ಇಳಿದಿತ್ತು. ನೀರು ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಯುಸ್ರಾ ಅಪ್ಪನನ್ನು ಮರೀನಾದ ಬಾಗಿಲಲ್ಲಿ ಇಳಿಸಿ, ಬೋಟು ಏರಿಸುವ ಇಳಿಜಾರಿನ ಬಳಿ ಟ್ರೈಲರು ನಿಲ್ಲಿಸಿಕೊಂಡು ಕಾಯುತ್ತೇನೆಂದು ಹೋದಳು. ಅವಳು ಸ್ಯಾನ್ ಹೋಸೆಯಲ್ಲಿ ನರ್ಸು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. “ಟೇಕ್ ಕೇರ್ ಆಫ್ ಹಿಮ್, ಅಂಕಲ್,” ಅಂದಳು. ಯೋಗಾನಂದನಿಗೆ ಅದು ವಿಶೇಷವೆನಿಸಲಿಲ್ಲ.

ಇಬ್ಬರೂ ಬೋಟನ್ನು ಮೆಲ್ಲಗೆ ಪೆಟ್ರೋಲು ಹಾಕುವ ಕಟ್ಟೆಗೆ ತಂದು ಹಗ್ಗ ಕಟ್ಟಿದರು. ಜಲೀಲ್ ಹಗ್ಗದ ಗಂಟನ್ನು ಎರಡು ಸಲ ಹಾಕಿ ಎರಡು ಸಲ ಬಿಚ್ಚಿದ. ಮೂರನೆಯ ಸಲಕ್ಕೆ ಯೋಗಾನಂದನೇ ಕಟ್ಟಿದ.

“ಚಳಿಗೆ ಬೆರಳು ಮಡಚಾಕ ಒಲ್ಲವು,” ಅಂದ ಜಲೀಲ್. ಔಷಧದ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತ, “ಇದು ಎಷ್ಟ ಹಾಕೂದು?” ಎಂದು ಕೇಳಿದ.

ಯೋಗಾನಂದ ಬಾಟಲಿಯ ಗೆರೆ ತೋರಿಸಿದ. ಕೇಳಿದ್ದು ವಿಚಿತ್ರ ಅನ್ನಿಸಿತು. ಆದರೆ ಅವನ ಗಮನ ತಾನು ತಂದ ಫಿಲ್ಟರಿನ ಮೇಲಿತ್ತು. ಪೆಟ್ರೋಲಿನಿಂದ ನೀರನ್ನು ಬೇರ್ಪಡಿಸುವ ಡಬ್ಬಿಯಂಥ ಫಿಲ್ಟರು, ಪ್ರತಿ ನವೆಂಬರು ಬದಲಾಯಿಸುವಂಥದು. ಈ ಸಲ ತಂದದ್ದರ ತಿರುಪು ಕೂರುತ್ತಿರಲಿಲ್ಲ. ಬೇರೆ ಅಳತೆಯದು ಬಂದಿತ್ತು.

“ಮೇಲೆ ಅಂಗಡೀಲಿ ಇರುತ್ತೆ. ಬದಲಾಯಿಸಿಕೊಂಡು ಬರ್ತೀನಿ. ಅಷ್ಟರಲ್ಲಿ ನೀನು ತುಂಬಿಸಿರು.”

“ಹೋಗಿ ಬಾ. ನಂಗೇನ ಹೊಸದೇನು?”

ಅಜ್ರಾಳ ಮಾತು ನೆನಪಾಯಿತು. ಹತ್ತು ನಿಮಿಷದ ಕೆಲಸ, ಹಗಲು ಹೊತ್ತು, ಕಟ್ಟೆಗೆ ಕಟ್ಟಿದ ಬೋಟು. ಯೋಗಾನಂದ ಹೋದ.

ಅಂಗಡಿಯಲ್ಲಿ ಸರದಿ ಇತ್ತು. ಹತ್ತು ನಿಮಿಷ ಇಪ್ಪತ್ತಾಯಿತು. ವಾಪಸ್ಸು ಬರುವಾಗ ಕಟ್ಟೆಗೆ ಇಳಿಯುವ ಹಲಗೆಯ ದಾರಿಯ ಮೇಲಿನಿಂದಲೇ ಬೋಟು ಕಾಣುತ್ತಿತ್ತು. ಅದರ ಪಕ್ಕದ ಸಣ್ಣ ರಂಧ್ರದಿಂದ ನೀರು ಕೊಲ್ಲಿಗೆ ಹಾರುತ್ತಿತ್ತು. ಬೋಟಿನ ತಳದಲ್ಲಿ ನೀರು ಸೇರಿದರೆ ತಾನಾಗಿ ಹೊರಗೆ ಹಾಕುವ ಪಂಪಿನ ಕೆಲಸ ಅದು. ಮಳೆ ಬಂದಿರಲಿಲ್ಲವಲ್ಲ, ತಳದಲ್ಲಿ ನೀರು ಎಲ್ಲಿಂದ ಬಂತು ಎಂದು ಯೋಗಾನಂದ ಯೋಚಿಸುತ್ತ ಇನ್ನೂ ನಾಲ್ಕು ಹೆಜ್ಜೆ ಇಟ್ಟ. ಆಗ ವಾಸನೆ ಬಂತು. ಆಮೇಲೆ ಬೋಟಿನ ಸುತ್ತ ನೀರಿನ ಮೇಲೆ ಹಬ್ಬುತ್ತಿದ್ದ ಬಣ್ಣಬಣ್ಣದ ಪೊರೆ ಕಂಡಿತು.

ಜಲೀಲ್ ಪೆಟ್ರೋಲಿನ ಪೈಪನ್ನು ನೀಟಾಗಿ ಕಟ್ಟೆಯ ಪೆಟ್ರೋಲ್ ಪಂಪಿಗೆ ಸಿಕ್ಕಿಸಿ ಚಾಲಕನ ಸೀಟಿನ ಕಡೆ ನಡೆಯುತ್ತಿದ್ದ. ಪಂಪಿನ ಮೀಟರು ಹನ್ನೊಂದು ಗ್ಯಾಲನ್ ತೋರಿಸುತ್ತಿತ್ತು. ಟ್ಯಾಂಕಿನ ಮುಚ್ಚಳ ಹಾಕಿದಂತೆಯೇ ಇತ್ತು, ಬಿಚ್ಚಿರಲೇ ಇಲ್ಲ. ಅದರಿಂದ ಒಂದು ಗೇಣು ಆಚೆ, ಗಾಳದ ಕೋಲು ನಿಲ್ಲಿಸಲು ಬೋಟಿನ ಅಂಚಿನಲ್ಲಿ ಕೊರೆದ ತೂತು. ಅದರ ಬಾಯಿಯ ಸುತ್ತ ಒದ್ದೆಯಾಗಿತ್ತು. ಆ ತೂತಿನ ತಳದ ಬಿರಡೆ ಎರಡು ವರ್ಷದ ಹಿಂದೆಯೇ ಮುರಿದು ಬಿದ್ದಿತ್ತು. ಅದರೊಳಗೆ ಏನು ಸುರಿದರೂ ನೇರ ಬೋಟಿನ ತಳಕ್ಕೆ, ಎಂಜಿನ್ನಿನ ಬುಡಕ್ಕೆ ಹೋಗುತ್ತಿತ್ತು. ಹೊಸ ಬಿರಡೆ ಹಾಕುತ್ತೇನೆಂದು ಒಪ್ಪಿಕೊಂಡಿದ್ದವನು ಯೋಗಾನಂದ. ಹಾಕಿರಲಿಲ್ಲ.

“ಜಲೀಲ್, ಕೀ ಮುಟ್ಟಬೇಡ,” ಎಂದು ಕೂಗಿದ.

ಗಾಳಿಗೆ ಪಕ್ಕದ ಹಾಯಿದೋಣಿಗಳ ತಂತಿಗಳು ಕಂಬಕ್ಕೆ ಬಡಿದು ಟಣಟಣ ಅನ್ನುತ್ತಿದ್ದವು. ಜಲೀಲನಿಗೆ ಕೇಳಲಿಲ್ಲ. ಯೋಗಾನಂದನಿಗೆ ಅರವತ್ತಾರು, ಒಂದು ಮಂಡಿಗೆ ಆಪರೇಷನ್ ಆಗಿತ್ತು. ಓಡಿದ. ಫಿಲ್ಟರು ಕೈಯಿಂದ ಎಲ್ಲೋ ಬಿತ್ತು. ಬೋಟಿನೊಳಗೆ ಕಾಲಿಟ್ಟಾಗ ವಾಸನೆಗೆ ಕಣ್ಣು ಉರಿಯಿತು. ಜಲೀಲನ ಬೆರಳು ಕೀಲಿಯ ಮೇಲಿತ್ತು. ಯೋಗಾನಂದ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಏನ್ಲೇ? ಯಾಕ ಹಿಂಗ ಹಿಡದೀ?”

“ಬಾ, ಇಳಿ. ಅಜ್ರಾ ಫೋನ್ ಮಾಡಿದಾಳೆ.”

“ಹತ್ತ ನಿಮಿಷ ಓಡಿಸಿ ಬರ್ತೀನಿ. ಔಷಧ ಎಂಜಿನ್ನಿಗೆ ಹೋಗಬೇಕು.”

“ಆಮೇಲೆ ಓಡಿಸೋಣ. ಅರ್ಜೆಂಟು ಅಂತೆ. ಬಾ.”

“ನೀ ಯಾವಾಗಲೂ ಹಿಂಗ. ಕೆಲಸ ನಡುವ ಬಿಡಸ್ತೀ,” ಎಂದು ಗೊಣಗಿದ ಜಲೀಲ್. ಆದರೂ ಬಂದ. ಯೋಗಾನಂದ ಅವನ ಕೈ ಬಿಡದೆ ಹಲಗೆಯುದ್ದಕ್ಕೂ ಕರೆದುಕೊಂಡು ಹೋದ. ಎದುರಿಗೆ ಸಿಕ್ಕ ಕಟ್ಟೆಯ ಕೆಲಸದ ಹೆಂಗಸಿಗೆ ಹೇಳಿದ. ಅವಳು ಓಡಿಹೋಗಿ ಕೆಂಪು ಗುಂಡಿ ಒತ್ತಿ ಪಂಪುಗಳನ್ನೆಲ್ಲ ನಿಲ್ಲಿಸಿ ಫೋನು ಎತ್ತಿಕೊಂಡಳು. ಪಕ್ಕದ ದೋಣಿಗಳಲ್ಲಿದ್ದವರನ್ನು ಕೂಗಿ ಮೇಲಕ್ಕೆ ಕಳಿಸಿದಳು. ಒಬ್ಬ ಮುದುಕ ಕಾಫಿಯ ಕಪ್ಪು ಹಿಡಿದುಕೊಂಡೇ ಬಂದ, ಅವನ ನಾಯಿ ಹಿಂದೆ ಬಂತು. ಬೋಟಿನ ಪಂಪು ಮಾತ್ರ ತನ್ನ ಪಾಡಿಗೆ ನಡೆದೇ ಇತ್ತು. ಅದರ ಹಳೆಯ ತಂತಿಗಳಲ್ಲಿ ಒಂದು ಕಿಡಿ ಹಾರಿದರೆ ಸಾಕಿತ್ತು. ಯಾರೂ ಹತ್ತಿರ ಹೋಗುವಂತಿರಲಿಲ್ಲ. ಎಲ್ಲರೂ ದೂರ ನಿಂತು ಅದು ಉಗುಳುವುದನ್ನು ನೋಡಿದರು.

ಏಳು ನಿಮಿಷಕ್ಕೆ ಅಗ್ನಿಶಾಮಕದವರು ಬಂದರು. ಬೋಟಿಗೆ ಬಿಳಿ ನೊರೆ ಹೊಡೆದರು, ಸುತ್ತ ಕಿತ್ತಳೆ ಬಣ್ಣದ ತೇಲುಪಟ್ಟಿ ಎಳೆದರು, ಹೀರುವ ಹಾಳೆಗಳನ್ನು ನೀರಿಗೆ ಹಾಸಿದರು. ಬೆಂಕಿ ಹತ್ತಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅಷ್ಟು ಹೊತ್ತಿಗೆ ಯುಸ್ರಾ ಇಳಿಜಾರಿನಿಂದ ಓಡಿಬಂದು ಅಪ್ಪನ ಪಕ್ಕ ನಿಂತಿದ್ದಳು.

ತಂಡದ ಕ್ಯಾಪ್ಟನ್ ಒಂದು ಪುಸ್ತಕ ಹಿಡಿದುಕೊಂಡು ಬಂದು, ಪೆಟ್ರೋಲು ಹಾಕಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೆದುಕೊಳ್ಳಲು ಕೇಳಿದ್ದಷ್ಟೆ.

ಯೋಗಾನಂದ ಜಲೀಲನ ಕಡೆ ನೋಡಿದ. ಜಲೀಲ್ ತನ್ನ ಬಲಗೈಯನ್ನು ಮೂಗಿನ ಹತ್ತಿರ ತಂದು ಬೆರಳುಗಳನ್ನು ಮೂಸಿ ನೋಡುತ್ತಿದ್ದ. ಬೋಟಿನ ಕಡೆ ನೋಡಿದ. ಮತ್ತೆ ಬೆರಳು ಮೂಸಿದ. ಹುಬ್ಬು ಗಂಟಿಕ್ಕಿತ್ತು. ನಲವತ್ತು ವರ್ಷ ಎಂಜಿನ್ನುಗಳ ಜೊತೆ ಬದುಕಿದವನಿಗೆ ಉತ್ತರ ಕೈಯಲ್ಲೇ ಇತ್ತು, ಇನ್ನೊಂದು ಕ್ಷಣಕ್ಕೆ ಸಿಕ್ಕಿಬಿಡುತ್ತಿತ್ತು.

“ನಾನು,” ಅಂದ ಯೋಗಾನಂದ. “ನಾನೇ ಹಾಕಿದ್ದು. ತೂತು ತಪ್ಪಿತು.”

ಕ್ಯಾಪ್ಟನ್ ಬರೆದುಕೊಂಡ. ಯುಸ್ರಾ ತಿರುಗಿ ನೋಡಿದಳು. “ಅಂಕಲ್, ಯು ವರ್ ಅಟ್ ದ ಸ್ಟೋರ್. ಐ ಸಾ ಯು,” ಅಂದಳು, ಮೆಲ್ಲಗೆ.

“ಸುಮ್ನಿರಮ್ಮಾ.”

ಜಲೀಲನ ಕೈ ಕೆಳಗಿಳಿಯಿತು. ಹುಬ್ಬಿನ ಗಂಟು ಬಿಚ್ಚಿತು. ಅವನ ಮುಖಕ್ಕೆ ಬಂದದ್ದು ಮೊದಲು ನೆಮ್ಮದಿ, ಆಮೇಲೆ ಸಿಟ್ಟು.

“ನಿನಗ ಕಣ್ಣ ಕಾಣಂಗಿಲ್ಲೇನಲೇ ಯೋಗಾ? ಇಷ್ಟ ವರ್ಷ ಆತು, ಗಾಳದ ತೂತು ಯಾವುದು, ಟ್ಯಾಂಕ್ ಯಾವುದು ಗೊತ್ತಿಲ್ಲ? ನಾ ಕೀ ತಿರುವಿದ್ರ ಏನಾಗ್ತಿತ್ತು?”

“ತಪ್ಪಾಯ್ತು ಕಣೋ.”

“ತಪ್ಪಾಯ್ತಂತ. ಈ ಮಂದಿ ಎಲ್ಲಾ ಸುಟ್ಟು ಹೋಗ್ತಿದ್ರು.”

ಕಾಫಿಯ ಕಪ್ಪಿನ ಮುದುಕನಿಗೆ ಭಾಷೆ ತಿಳಿಯದಿದ್ದರೂ ಯಾರು ಯಾರಿಗೆ ಬೈಯುತ್ತಿದ್ದಾರೆ ಎಂಬುದು ತಿಳಿಯಿತು. ಅವನು ಯೋಗಾನಂದನ ಕಡೆ ನೋಡಿ ತಲೆ ಅಲ್ಲಾಡಿಸಿದ.

ಆ ಸಂಜೆ ಯೋಗಾನಂದ ಗಿಲ್‌ರಾಯ್‌ಗೆ ಹೋದ. ಜಲೀಲ್ ಒಳಕೋಣೆಯಲ್ಲಿ ಮಲಗಿದ್ದ. ಅಜ್ರಾ ಊಟದ ಮೇಜಿನ ಎದುರು ಕೂತು, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಹೇಳಿದಳು. ಏಪ್ರಿಲಿನಲ್ಲೇ ಡಾಕ್ಟರು ಹೇಳಿದ್ದರು. ಸ್ಕ್ಯಾನು ಮಾಡಿಸಿದ್ದಾಗಿತ್ತು. ಇದು ಮರೆವಿನ ಕಾಯಿಲೆ, ವಾಸಿಯಾಗುವುದಲ್ಲ, ಮುಂದಕ್ಕೇ ಹೋಗುವುದು ಅಂದಿದ್ದರು. ಗರಾಜಿನ ಕೆಲಸವನ್ನು ಆಗಿನಿಂದಲೇ ಬೇರೆಯವರು ನೋಡಿಕೊಳ್ಳುತ್ತಿದ್ದರು.

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಅವರ ಬ್ಯಾಡ ಅಂದ್ರು, ಅಣ್ಣಾರ. ಯೋಗಾಗ ಹೇಳಿದ್ರ ಅವ ಹೆದರ್ತಾನ, ಬೋಟಿಗೆ ಕರ್ಯಂಗಿಲ್ಲ ಅಂದ್ರು. ನನ್ನ ಕೈ ಹಿಡದ ಆಣಿ ಹಾಕಿಸಿದ್ರು.” ದುಪಟ್ಟಾದ ಅಂಚು ಬಿಟ್ಟು, “ಇವತ್ತ ನಿಮಗ ಏನಾರ ಆಗಿದ್ರ ನಾ ಮೈಥಿಲಿಗೆ ಏನಂತ ಮುಖ ತೋರಸ್ತಿದ್ದೆ?” ಅಂದಳು.

ಯೋಗಾನಂದನಿಗೆ ಅವಳ ಮೇಲೆ ಕೋಪ ಮಾಡಿಕೊಳ್ಳಲು ಆಗಲಿಲ್ಲ. ಜುಲೈಯಲ್ಲಿ ಒಂದು ದಿನ ಡಂಬಾರ್ಟನ್ ಸೇತುವೆಯ ಕೆಳಗೆ ಬೋಟು ನಿಲ್ಲಿಸಿ ಜಲೀಲ್, “ಯಾವ ಕಡೆ?” ಎಂದು ಕೇಳಿದ್ದ. ಸಾವಿರ ಸಲ ಹೋಗಿಬಂದ ದಾರಿ. ಯೋಗಾನಂದ ಕೈ ತೋರಿಸಿ, ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕಿದ್ದ. ತಮಾಷೆಯಲ್ಲ ಎಂಬುದು ಆಗಲೇ ಒಳಗೆಲ್ಲೋ ತಿಳಿದಿತ್ತು. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಶನಿವಾರಗಳು ನಿಲ್ಲುತ್ತವೆ ಎಂದು ಕೇಳದೆ ಬಿಟ್ಟಿದ್ದ. ಇದನ್ನು ಅಜ್ರಾಳಿಗೆ ಹೇಳಿದ.

ಮರೀನಾದವರು ಮುಂದಿನ ವರ್ಷಕ್ಕೆ ಜಾಗ ಕೊಡುವುದಿಲ್ಲವೆಂದು ಯೋಗಾನಂದನ ಹೆಸರಿಗೆ ಕಾಗದ ಬರೆದರು. ಬೋಟನ್ನು ತೊಳೆದು ಕೊಟ್ಟ ಮೇಲೆ ಅವನೊಬ್ಬನೇ ಹೋಗಿ, ಉಳಿದಿದ್ದ ಪೆಟ್ರೋಲನ್ನೂ ಎಳೆಸಿ ತೆಗೆಸಿದ. ಈ ಸಲ ತುಂಬಿಸುವ ಮಾತೇ ಇರಲಿಲ್ಲ. ಖಾಲಿ ಟ್ಯಾಂಕಿನ ಮೇಲೆ ಬೆರಳಿನಿಂದ ತಟ್ಟಿದರೆ ಬಿಂದಿಗೆಯಂತೆ ಸದ್ದಾಗುತ್ತಿತ್ತು. ಬೋಟನ್ನು ಗಿಲ್‌ರಾಯ್‌ಗೆ ಒಯ್ದು ಗರಾಜಿನ ಹಿಂದೆ ನಿಲ್ಲಿಸಿ, ನೀಲಿ ಟಾರ್ಪಾಲನ್ನು ಒಬ್ಬನೇ ಎಳೆದು ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು.

ಜಲೀಲ್ ಮಾತ್ರ ಮರೆಯಲಿಲ್ಲ. ಮಧ್ಯಾಹ್ನ ಏನು ತಿಂದೆ ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ಮಗಳು ಕೆಲಸ ಮಾಡುವ ಆಸ್ಪತ್ರೆ ಯಾವುದೆಂದು ಗೊತ್ತಿರುತ್ತಿರಲಿಲ್ಲ. ಯೋಗಾ ಗಾಳದ ತೂತಿಗೆ ಪೆಟ್ರೋಲು ಸುರಿದ ಎಂಬುದೊಂದು ನೆನಪಿತ್ತು. ವಾಸನೆಯೂ ಹೆದರಿಕೆಯೂ ಸೇರಿ ಅದು ಒಳಗೆ ಗಟ್ಟಿಯಾಗಿ ಕೂತುಬಿಟ್ಟಿದೆ, ಇಂಥದ್ದು ಹಾಗೆ ಉಳಿಯುತ್ತದೆ ಎಂದು ಯುಸ್ರಾ ಅಮ್ಮನಿಗೆ ವಿವರಿಸಿದಳು. ಫೋನು ಮಾಡಿದವರಿಗೆಲ್ಲ ಅವನು ಅದನ್ನು ಹೇಳಿದ. ಡಿಸೆಂಬರಿನಲ್ಲಿ ಸರಟೋಗಾದ ಸ್ನೇಹಿತ ಗುರುಪ್ರಸಾದನ ಮನೆಗೆ ಊಟಕ್ಕೆ ಹೋದಾಗ ಆ ಸುದ್ದಿ ಯೋಗಾನಂದನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

“ಏನ್ರೀ ಯೋಗಾನಂದ, ಕಾರಿಗಾದ್ರೂ ಪೆಟ್ರೋಲು ನೀವೇ ಹಾಕ್ಕೋತೀರೋ, ಮೈಥಿಲಿಯವರ ಕೈಲಿ ಹಾಕಿಸ್ತೀರೋ?” ಎಂದು ಗುರುಪ್ರಸಾದ ಕೇಳಿದ. ಮೇಜಿನ ಸುತ್ತ ಕೂತವರು ನಕ್ಕರು. ಎಲ್ಲರಿಗೂ ಮ್ಯಾನುಯಲ್ ಓದಿ ಎಂದು ಉಪದೇಶ ಮಾಡುತ್ತಿದ್ದವನು ಯೋಗಾನಂದ. ಅವನೂ ನಕ್ಕ.

ಮೈಥಿಲಿಗೆ ನಿಜ ಗೊತ್ತಿತ್ತು. ವಾಪಸ್ಸು ಬರುವಾಗ ಕಾರಿನಲ್ಲಿ, “ಗುರುಪ್ರಸಾದ ಅವರಿಗಾದ್ರೂ ಹೇಳಬಹುದಿತ್ತಲ್ಲ? ಅವರೇನು ಜಲೀಲ್ ಮುಂದೆ ಹೋಗಿ ಹೇಳ್ತಾರಾ?” ಅಂದಳು.

“ಒಬ್ಬರಿಗೆ ಹೇಳಿದ್ರೆ ಹತ್ತು ಜನಕ್ಕೆ ಗೊತ್ತಾಗುತ್ತೆ. ಅವನನ್ನ ನೋಡೋ ರೀತಿ ಬದಲಾಗುತ್ತೆ.”

“ನಿಮ್ಮನ್ನ ನೋಡೋ ರೀತಿ ಬದಲಾದ್ರೆ ಪರವಾಗಿಲ್ವಾ?”

“ನನಗೆ ನಾಳೆ ನೆನಪಿರುತ್ತೆ, ನಾನೇನು ಅಂತ. ಅವನಿಗಿರಲ್ಲ.”



ಜನವರಿಯಲ್ಲಿ ಯೋಗಾನಂದ ಗಿಲ್‌ರಾಯ್‌ಗೆ ಹೋದಾಗ ಜಲೀಲ್ ಬಾಗಿಲಲ್ಲೇ ತಡೆದ.

“ನೀ ಬರಬ್ಯಾಡ,” ಅಂದ. “ನಿನ್ನ ಕೂಡ ಇನ್ನ ಬೋಟಿಗೆ ಬರಂಗಿಲ್ಲ. ನಂಗ ಹೆಂಡ್ತಿ ಮಗಳು ಅದಾರ.”

“ಬೋಟಿಗೆ ಕರೆಯೋಕೆ ಬಂದಿಲ್ಲ ಕಣೋ. ಸುಮ್ನೆ ಕೂತು ಹೋಗ್ತೀನಿ.”

“ಬ್ಯಾಡ ಅಂದೆ.”

ಬಾಗಿಲು ಹಾಕಿಕೊಂಡ. ಅಜ್ರಾ ಹಿಂಬಾಗಿಲಿನಿಂದ ಬಂದು ಕಾರಿನ ಹತ್ತಿರ ನಿಂತಳು. ಕಣ್ಣು ಕೆಂಪಾಗಿತ್ತು. “ನಾ ಖರೇ ಹೇಳಿಬಿಡ್ತೀನ್ರಿ. ಇದನ್ನ ನೋಡಾಕ ಆಗವಲ್ದು,” ಅಂದಳು.

“ಬೇಡ. ಇವತ್ತು ಹೇಳಿದ್ರೆ ಇವತ್ತು ಅಳ್ತಾನೆ. ನಾಳೆ ಮರೀತಾನೆ. ಮತ್ತೆ ನನ್ನ ಬೈದ್ರೆ ಮತ್ತೆ ಹೇಳ್ತೀರಾ? ಪ್ರತಿ ಸಲ ಅವನಿಗೆ ಅದು ಹೊಸದಾಗೇ ಇರುತ್ತೆ.”

ಅಜ್ರಾ ಗಂಡನಿಗೆ ಹೇಳಲಿಲ್ಲ. ವಸಂತದಲ್ಲಿ ಲಿಂಡಾ ಮೇಯನ್ನು ಆಂಟಿಯೋಕಿನ ಒಬ್ಬ ಬಡಗಿ ಬಂದು ಕೊಂಡೊಯ್ದ. ಅಜ್ರಾಳೂ ಯೋಗಾನಂದನೂ ಸಹಿ ಹಾಕಿದರು. ಟ್ರೈಲರು ಹೊರಡುವಾಗ ಜಲೀಲ್ ಮನೆಯೊಳಗೆ ನಮಾಜಿನಲ್ಲಿದ್ದ. ಆಮೇಲೆ ಗರಾಜಿನ ಹಿಂದಿನ ಖಾಲಿ ಜಾಗವನ್ನು ನೋಡಿ ಏನೂ ಕೇಳಲಿಲ್ಲ.

ಆ ವರ್ಷವೆಲ್ಲ ಯೋಗಾನಂದ ಫೋನಿನಲ್ಲಿ ಅಜ್ರಾಳ ಜೊತೆ ಮಾತ್ರ ಮಾತಾಡಿದ. ಶನಿವಾರ ಬೆಳಿಗ್ಗೆ ಎಂದಿನಂತೆ ಎಚ್ಚರವಾಗುತ್ತಿತ್ತು. ಎದ್ದು ಶೋರ್‌ಲೈನ್ ಪಾರ್ಕಿನಲ್ಲಿ ಕೊಲ್ಲಿಯ ದಂಡೆಯುದ್ದಕ್ಕೂ ನಡೆದು, ಬೆಂಚಿನ ಮೇಲೆ ಕೂತು ಬರುತ್ತಿದ್ದ. ಮೀನು ಹಿಡಿಯುವ ಬೇರೆಯವರ ಬೋಟುಗಳು ದೂರದಲ್ಲಿ ಕಾಣುತ್ತಿದ್ದವು. ಮೈಥಿಲಿ ಒಂದೆರಡು ಸಲ ಜೊತೆಗೆ ಬಂದಳು. ಗಾಳಿ ಜೋರು ಎಂದು ಆಮೇಲೆ ಬರಲಿಲ್ಲ.

ಎರಡನೆಯ ಚಳಿಗಾಲದ ಫೆಬ್ರವರಿಯಲ್ಲಿ ಅಜ್ರಾಳೇ ಫೋನು ಮಾಡಿ ಕರೆದಳು.

“ಈಗ ಬರ್ರಿ ಅಣ್ಣಾರ. ಬೈಯಂಗಿಲ್ಲ. ಯಾರ ಗುರ್ತೂ ಸಿಗವಲ್ದು ಅವರಿಗೆ.”

ಗಿಲ್‌ರಾಯ್‌ನಲ್ಲಿ ಸಣ್ಣ ಮಳೆ ಹನಿಯುತ್ತಿತ್ತು. ಜಲೀಲ್ ಮುಂದಿನ ಕೋಣೆಯಲ್ಲಿ ಕುರ್ಚಿಯಲ್ಲಿ ಕೂತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು, ಸ್ವೆಟರು ದೊಗಳೆಯಾಗಿತ್ತು. ಯೋಗಾನಂದ ಒಳಗೆ ಬಂದಾಗ ಏಳಲು ಪ್ರಯತ್ನಿಸಿ ಕೈ ಮುಂದೆ ಮಾಡಿದ.

“ಬರ್ರಿ, ಬರ್ರಿ. ಕೂಡ್ರಿ. ಅಜ್ರಾ, ಚಾ ಮಾಡು, ಮಂದಿ ಬಂದಾರ.”

ಇಪ್ಪತ್ತಮೂರು ವರ್ಷದಲ್ಲಿ ಅವನು ಯೋಗಾನಂದನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಮೊದಲ ದಿನ, ಆ ಗರಾಜಿನಲ್ಲಿ ಮಾತ್ರ. ಯೋಗಾನಂದ ಕೂತ. ಅಜ್ರಾ ಅಡುಗೆಮನೆಗೆ ಹೋದಳು.

“ಯಾವ ಊರ್ರಿ ನಿಮ್ಮದು?”

“ಮೈಸೂರು.”

“ಮೈಸೂರಾ? ನನ್ನ ದೋಸ್ತ ಒಬ್ಬ ಇದ್ದ, ಅವಂದೂ ಮೈಸೂರ. ನಮ್ಮದೊಂದ ಬೋಟ್ ಇತ್ರಿ, ಇಬ್ಬರದೂ. ಅವ ಒಂದಿನ ಏನ ಮಾಡಿದ ಗೊತ್ತೇನ್ರಿ, ಗಾಳ ಇಡೋ ತೂತಿನಾಗ ಪೆಟ್ರೋಲ್ ಸುರಿದ. ಟ್ಯಾಂಕ್ ಬಿಟ್ಟು ತೂತಿಗೆ.” ಕೈಯಿಂದ ಸುರಿಯುವ ಹಾಗೆ ಮಾಡಿ ತೋರಿಸಿದ. “ಫೈರ್ ಗಾಡಿ ಬಂತು.”

“ಹೌದಾ?”

“ಭಾಳ ಓದಿದವ. ಆದ್ರೂ ನೋಡ್ರಿ.”

“ಈಗ ಎಲ್ಲಿದಾರೆ ಅವರು?” ಎಂದು ಯೋಗಾನಂದ ಕೇಳಿದ. ಯಾಕೆ ಕೇಳಿದನೋ ಅವನಿಗೂ ತಿಳಿಯಲಿಲ್ಲ.

ಜಲೀಲ್ ಕಿಟಕಿಯ ಆಚೆಗೆ ನೋಡಿದ. ಹೊರಗೆ ಒದ್ದೆ ರಸ್ತೆಯಲ್ಲಿ ಯಾರದೋ ಕಾರು ಹಾದುಹೋಯಿತು. ಅವನಿಗೆ ಪ್ರಶ್ನೆ ಮರೆತುಹೋಗಿರಬೇಕು ಎಂದು ಯೋಗಾನಂದ ಅಂದುಕೊಳ್ಳುವಷ್ಟು ಹೊತ್ತು ಕಳೆಯಿತು.

“ಬರಂಗಿಲ್ಲ,” ಅಂದ ಜಲೀಲ್. “ನಾ ಬೈದೆ. ಬಾಗಲದಾಗ ನಿಂದರಿಸಿ ಬೈದೆ. ಅಷ್ಟ ಬೈಬಾರದಿತ್ತು. ಮನಶ್ಯಾ ಅಂದ ಮ್ಯಾಲೆ ಕೈ ತಪ್ಪತೈತಿ.” ಯೋಗಾನಂದನ ಕಡೆ ತಿರುಗಿ, “ನೀವು ಮೈಸೂರವ್ರು ಅಂದ್ರಲ್ಲ. ಎಲ್ಲಾರ ಸಿಕ್ಕರ ಹೇಳ್ರಿ. ಬಾ ಅಂದಾನ ಅಂತ ಹೇಳ್ರಿ,” ಅಂದ.

ಅಡುಗೆಮನೆಯಲ್ಲಿ ಕಪ್ಪು ಬಸಿಗಳ ಸದ್ದು ನಿಂತಿತು.

“ಸಿಕ್ಕರೆ ಖಂಡಿತ ಹೇಳ್ತೀನಿ,” ಅಂದ ಯೋಗಾನಂದ. “ಅವರಿಗೆ ಬೇಜಾರೇನೂ ಇರಲ್ಲ ಬಿಡಿ.”

“ನಿಮಗ್ಹೆಂಗ ಗೊತ್ತು?” ಅಂದ ಜಲೀಲ್, ಸ್ವಲ್ಪ ಬಿರುಸಾಗಿಯೇ.

ಚಹಾ ಬಂತು. ಇಬ್ಬರೂ ಕುಡಿದರು. ಜಲೀಲ್ ಬಿಸ್ಕತ್ತನ್ನು ಅದ್ದಿ ಅದ್ದಿ ತಿಂದ. ಅರ್ಧ ಮುರಿದು ಕಪ್ಪಿನಲ್ಲಿ ಬಿತ್ತು. ಅಜ್ರಾ ಚಮಚದಿಂದ ತೆಗೆದುಕೊಟ್ಟಳು.

ಮುಂದಿನ ಶನಿವಾರವೂ ಯೋಗಾನಂದ ಹೋದ. ಜಲೀಲ್ ಮತ್ತೆ ಊರು ಕೇಳಿದ, ಮತ್ತೆ ಬೋಟಿನ ಕತೆ ಹೇಳಿದ. ಈ ಸಲ ಬೆಂಕಿ ಹತ್ತಿತ್ತು, ಬೋಟು ಸುಟ್ಟುಹೋಗಿತ್ತು, ದೋಸ್ತ ಓಡಿಹೋಗಿದ್ದ. ಬಾ ಅಂತ ಹೇಳಿ ಎಂಬ ಮಾತು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಯೋಗಾನಂದ ಕಾದು ನೋಡಿದ. ಕತೆ ಮುಗಿದ ಮೇಲೆ ಜಲೀಲ್ ಕಣ್ಣು ಮುಚ್ಚಿಕೊಂಡು ಹಾಗೇ ನಿದ್ದೆಹೋಗುತ್ತಿದ್ದ. ಯೋಗಾನಂದ ಅವನ ಕಾಲ ಮೇಲೆ ಶಾಲು ಎಳೆದು, ಕತ್ತಲಾಗುವ ಮುಂಚೆ ಫ್ರೀವೇ ಹಿಡಿದು ಮನೆಗೆ ಬರುತ್ತಿದ್ದ.